ಹಸುಗೂಸಿನ ಫೋಟೋ ತೆಗೆಸಬೇಕು. ಇಬ್ಬರು ಛಾಯಾಗ್ರಾಹಕರಲ್ಲಿ ಯಾರನ್ನು ಆರಿಸಲಿ?

ಹೆಂಡತಿಗೆ ಏಳನೆಯ ತಿಂಗಳು, ಇಬ್ಬರು ಛಾಯಾಗ್ರಾಹಕರು, ಅವರ ಪೋರ್ಟ್‌ಫೋಲಿಯೊಗಳನ್ನು ಹೋಲಿಸಲು ಒಂದು ಕೋಷ್ಟಕ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನಗೆ ನಗು ಬಂತು. ಆರು ವರ್ಷಗಳ ಹಿಂದೆ ಅಂಥದೇ ಕೋಷ್ಟಕವೊಂದು ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಬೆಳಕಿಗೆ ಇಷ್ಟು ಅಂಕ, ಬಣ್ಣಕ್ಕೆ ಇಷ್ಟು, ಬುಟ್ಟಿ, ಉಣ್ಣೆ, ಟೋಪಿಗಳ ವೈವಿಧ್ಯಕ್ಕೆ ಇಷ್ಟು. ನಿಮ್ಮ ಮೊದಲನೆಯವರಂತೆಯೇ ನನ್ನ ಮೊದಲನೆಯವರೂ ಮದುವೆ ಫೋಟೋಗಳಲ್ಲಿ ಹೆಸರು ಮಾಡಿದವರು, ಅವರ ಚಿತ್ರಗಳಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಎರಡನೆಯವರದು ನಿಮ್ಮ ಎರಡನೆಯವರಂತೆಯೇ ಸಪ್ಪೆ: ಅಮ್ಮನ ತೋಳಿನಲ್ಲಿ ಮಗು, ಬಿಳಿ ಬಟ್ಟೆ ಸುತ್ತಿದ ಮಗು, ಆಕಳಿಸುತ್ತಿರುವ ಮಗು. ಅಂಕ ಕೂಡಿಸಿದೆ. ಮೊದಲನೆಯವರು ಎಲ್ಲೋ ಮುಂದೆ, ಎರಡನೆಯವರು ಎಲ್ಲೋ ಹಿಂದೆ. ಮುಂಗಡ ಕೊಟ್ಟುಬಿಟ್ಟೆ.

ನನ್ನ ಮನಸ್ಸನ್ನು ಕದ್ದದ್ದು ಒಂದೇ ಒಂದು ಚಿತ್ರ. ನೀವೂ ನೋಡಿರುತ್ತೀರಿ: ಕೂಸು ಮೊಣಕೈಗಳನ್ನು ಊರಿ, ಎರಡೂ ಅಂಗೈಗಳ ಮೇಲೆ ಗದ್ದವಿಟ್ಟುಕೊಂಡು, ಕಪ್ಪೆಯ ಹಾಗೆ ಕುಳಿತು ನಿದ್ದೆ ಮಾಡುತ್ತಿರುತ್ತದೆ. ಅದನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಹೋಗಿ ಛಾಯಾಗ್ರಾಹಕರ ಮುಂದೆ ಹಿಡಿದೆ. "ನಮಗೆ ಇದು ಆಗುತ್ತದೆಯೇ?" "ಆಗುತ್ತದೆ ಸರ್, ಧಾರಾಳವಾಗಿ." ನನ್ನ ಸಂದರ್ಶನ ಅಲ್ಲಿಗೆ ಮುಗಿಯಿತು.

ತಪ್ಪು ಆದದ್ದು ಇಲ್ಲಿಯೇ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಸಹಿಸಿಕೊಳ್ಳಿ. "ಆಗುತ್ತದೆಯೇ" ಎಂಬ ಪ್ರಶ್ನೆಗೆ ಕಸುಬಿನವರು ಯಾರೂ "ಇಲ್ಲ" ಎನ್ನುವುದಿಲ್ಲ. ಬಲ್ಲವರೂ ಆಗುತ್ತದೆ ಎನ್ನುತ್ತಾರೆ, ಬಾರದವರೂ ಆಗುತ್ತದೆ ಎನ್ನುತ್ತಾರೆ. ನಾನು ಕೇಳಬೇಕಾಗಿದ್ದದ್ದು "ಇದನ್ನು ಹೇಗೆ ತೆಗೆಯುತ್ತೀರಿ?" ಎಂದು. ಆ ಒಂದು ಪದ ಬದಲಾಗಿದ್ದರೆ ಎದುರಿನವರು ಬಾಯಿ ಬಿಟ್ಟು ವಿವರಿಸಲೇಬೇಕಾಗುತ್ತಿತ್ತು. ವಿವರಿಸಿದಾಗ ಅವರಿಗೆ ಗೊತ್ತಿರುವುದು ಎಷ್ಟು, ಗೊತ್ತಿಲ್ಲದ್ದು ಎಷ್ಟು ಎಂಬುದು ಐದು ನಿಮಿಷದಲ್ಲಿ ಬಯಲಾಗುತ್ತಿತ್ತು. ನಾನು ಏಕೆ ಕೇಳಲಿಲ್ಲ? ಕೇಳಿದರೆ ಅವಮಾನ ಮಾಡಿದಂತಾಗುತ್ತದೆ ಎಂಬ ಸಂಕೋಚ ಸ್ವಲ್ಪ. ಉಳಿದದ್ದು ಶುದ್ಧ ದಡ್ಡತನ: ಚಿತ್ರದಲ್ಲಿ ಕೂಸು ಹಾಗೆ ಕುಳಿತಿದೆ, ಆದ್ದರಿಂದ ಕೂಸುಗಳು ಹಾಗೆ ಕುಳಿತುಕೊಳ್ಳುತ್ತವೆ ಎಂದು ನಂಬಿದ್ದೆ.

ಕುಳಿತುಕೊಳ್ಳುವುದಿಲ್ಲ. ಯಾವ ನವಜಾತ ಶಿಶುವೂ ತನ್ನ ತಲೆಯನ್ನು ತಾನೇ ಹೊರಲಾರದು. ಹುಟ್ಟಿದಾಗ ಮಗುವಿನ ಒಟ್ಟು ಉದ್ದದ ನಾಲ್ಕನೆಯ ಒಂದು ಭಾಗ ತಲೆಯೇ, ಕತ್ತು ನಿಲ್ಲುವುದಕ್ಕೆ ತಿಂಗಳುಗಳು ಬೇಕು. ಆ ಭಂಗಿಯ ಚಿತ್ರ ಅಸಲಿಗೆ ಎರಡು ಚಿತ್ರಗಳ ಜೋಡಣೆ. ಒಂದರಲ್ಲಿ ಸಹಾಯಕರು ಮೇಲಿನಿಂದ ನೆತ್ತಿಯನ್ನು ಹಿಡಿದಿರುತ್ತಾರೆ. ಇನ್ನೊಂದರಲ್ಲಿ ಕೆಳಗಿನಿಂದ ಮಣಿಕಟ್ಟುಗಳನ್ನು ಹಿಡಿದಿರುತ್ತಾರೆ. ಮೊದಲನೆಯದರಿಂದ ಕೈಗಳ ಭಾಗ, ಎರಡನೆಯದರಿಂದ ತಲೆಯ ಭಾಗ ತೆಗೆದು ಫೋಟೋಶಾಪಿನಲ್ಲಿ ಹೊಲಿಯುತ್ತಾರೆ, ಹಿಡಿದವರ ಕೈ ಮಾಯವಾಗುತ್ತದೆ. ಒಂದು ಕ್ಷಣವೂ ಕೂಸು ಯಾರ ಕೈಯ ಆಸರೆಯಿಲ್ಲದೆ ಇರುವುದಿಲ್ಲ. ಆ ಕೆಲಸ ಬಲ್ಲವರೆಲ್ಲ ಮಾಡುವುದು ಹೀಗೆ. ನನಗಿದು ತಿಳಿದದ್ದು ಎಲ್ಲ ಮುಗಿದ ಮೇಲೆ.

ಮಗಳು ಹುಟ್ಟಿದ ಹನ್ನೊಂದನೆಯ ದಿನ ಸ್ಟುಡಿಯೋಗೆ ಹೋದೆವು. ಛಾಯಾಗ್ರಾಹಕರು ಒಬ್ಬರೇ ಇದ್ದರು, ಸಹಾಯಕರಿಲ್ಲ. ಒಳಗೆ ಹವಾನಿಯಂತ್ರಣ ತಣ್ಣಗೆ ಹರಿಯುತ್ತಿತ್ತು, ದೀಪಗಳ ಕೆಳಗೆ ಕೆಲಸ ಮಾಡುವವರಿಗೆ ಸೆಖೆ ಎಂದರು. ಎಳೆಕೂಸು ನಮ್ಮಂತೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳಲಾರದು, ಬಟ್ಟೆ ತೆಗೆದರೆ ಬಹುಬೇಗ ಶಾಖ ಕಳೆದುಕೊಳ್ಳುತ್ತದೆ. ಅದಕ್ಕೇ ತಿಳಿದವರು ಕೋಣೆಯನ್ನು 26–28 ಡಿಗ್ರಿ ಸೆಲ್ಸಿಯಸ್‌ವರೆಗೆ ಬೆಚ್ಚಗಿಡುತ್ತಾರೆ, ಕೆಲಸ ಮಾಡುವವರು ಬೆವರು ಒರೆಸಿಕೊಳ್ಳುತ್ತಲೇ ಇರುತ್ತಾರೆ. ನಮ್ಮ ಛಾಯಾಗ್ರಾಹಕರ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಮಗಳು ಒಂದೂವರೆ ಗಂಟೆ ರಚ್ಚೆ ಹಿಡಿದಳು. "ಕೆಲವು ಮಕ್ಕಳು ಹೀಗೇ ಸರ್, ಹಟಮಾರಿಗಳು" ಎಂಬ ಮಾತು ಬೇರೆ. ಹನ್ನೊಂದು ದಿನದ ಕೂಸಿಗೆ ಹಟವಂತೆ! ಆಗ ನಾನೂ ತಲೆಯಾಡಿಸಿದ್ದೆ ಎಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೊನೆಗೆ ಹಾಲು ಕುಡಿದು ನಿದ್ದೆ ಹೋದಳು. ದುಂಡನೆಯ ದೊಡ್ಡ ದಿಂಬಿನ ಮೇಲೆ ಅವಳ ಕಾಲುಗಳನ್ನು ಮಡಿಸಿ ಹೊಟ್ಟೆಯಡಿ ಸೇರಿಸಿದರು. "ಪಾದ ನೋಡು, ನೀಲಿಯಾಗುತ್ತಿದೆ" ಎಂದು ನನ್ನ ಹೆಂಡತಿ ನನ್ನ ತೋಳು ಹಿಡಿದು ಎಳೆದಳು. ಎಳೆಕೂಸಿನ ಅಂಗೈ ಅಂಗಾಲು ಒಮ್ಮೊಮ್ಮೆ ತಾವಾಗಿಯೇ ನಸುನೀಲಿಯಾಗುವುದುಂಟು, ಆದರೆ ಮಡಿಸಿಟ್ಟ ಕಾಲು ಕಪ್ಪಿಟ್ಟರೆ ರಕ್ತ ಸರಿಯಾಗಿ ಹರಿಯುತ್ತಿಲ್ಲವೆಂದೇ ಅರ್ಥ, ತಕ್ಷಣ ಭಂಗಿ ಬದಲಿಸಬೇಕು. ಛಾಯಾಗ್ರಾಹಕರು "ಎರಡೇ ನಿಮಿಷ ಮೇಡಂ" ಎಂದರು. ಆಮೇಲೆ ನನ್ನನ್ನು ಕರೆದು ಮಗಳ ತಲೆ ಹಿಡಿದುಕೊಳ್ಳಲು ಹೇಳಿದರು. ಗದ್ದ ಅಂಗೈಗಳ ಮೇಲೆ ಕೂರುವಂತೆ ಹೊಂದಿಸಿದೆವು. "ನಾನು ಮೂರು ಎಂದ ಕೂಡಲೇ ಕೈ ತೆಗೆಯಿರಿ."

ತೆಗೆದೆ.

ತಲೆ ಒಂದು ಅರೆಗಳಿಗೆ ನಿಂತಿತು, ಆಮೇಲೆ ಬಲಕ್ಕೆ ವಾಲಿತು. ಅದರ ಹಿಂದೆಯೇ ಮೈಯೂ ದಿಂಬಿನ ಅಂಚಿಗೆ ಜಾರಿತು. ಹಿಡಿದವಳು ನನ್ನ ಹೆಂಡತಿ. ನಾನು ಕ್ಯಾಮೆರಾ ಕಡೆ ನೋಡುತ್ತಿದ್ದೆ, ಚಿತ್ರ ಸಿಕ್ಕಿತೇ ಎಂದು. ಮಗಳಿಗೆ ಏನೂ ಆಗಲಿಲ್ಲ, ಎಚ್ಚರವೂ ಆಗಲಿಲ್ಲ. ಚಿತ್ರವೂ ಸಿಕ್ಕಿತ್ತು. ಮೂರು ವಾರಗಳ ನಂತರ ಅದು ಮನೆಗೆ ಬಂದಾಗ ನೋಡಿದವರೆಲ್ಲ ಕೊಂಡಾಡಿದರು. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಚೌಕಟ್ಟಿನಾಚೆ ತೆರೆದುಕೊಂಡಿದ್ದ ನನ್ನ ಖಾಲಿ ಕೈ ಕಾಣುತ್ತದೆ. ಹೆಂಡತಿ ಆ ಚಿತ್ರವನ್ನು ಗೋಡೆಗೆ ಹಾಕಲು ಬಿಡಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಈಗ ನಿಮ್ಮ ಕೋಷ್ಟಕಕ್ಕೆ ಬರುತ್ತೇನೆ. ಅದನ್ನು ಅಳಿಸಿಬಿಡಿ. "ಯಾರ ಚಿತ್ರಗಳು ಹೆಚ್ಚು ಚೆನ್ನಾಗಿವೆ ಎಂದು ತೂಗುವುದು ಹೇಗೆ" ಎಂದು ಕೇಳಿದ್ದೀರಿ, ತೂಗಬೇಡಿ ಎಂಬುದೇ ನನ್ನ ಉತ್ತರ. ಹತ್ತು ದಿನದ ಕೂಸನ್ನು ಮೂರ್ನಾಲ್ಕು ಗಂಟೆ ಒಬ್ಬ ಅಪರಿಚಿತರ ಕೈಗೆ ಕೊಡುತ್ತಿದ್ದೀರಿ. ಅವರು ಕೂಸನ್ನು ಎತ್ತಿಕೊಳ್ಳುವುದು ಹೇಗೆ, ಮಲಗಿಸುವುದು ಹೇಗೆ, ಅದು ಬೆಚ್ಚಿ ಕೈಕಾಲು ಚೆಲ್ಲಿದಾಗ ಏನು ಮಾಡುತ್ತಾರೆ ಎಂಬುದು ಪೋರ್ಟ್‌ಫೋಲಿಯೊದಲ್ಲಿ ಬರುವುದಿಲ್ಲ. ಅಲ್ಲದೆ ಪೋರ್ಟ್‌ಫೋಲಿಯೊ ಎಂಬುದೇ ಪೂರ್ತಿ ನಂಬುವ ವಸ್ತುವಲ್ಲ. ಈ ಕಸುಬಿನಲ್ಲಿ ಕಾರ್ಯಾಗಾರಗಳು ನಡೆಯುತ್ತವೆ. ನುರಿತವರೊಬ್ಬರು ಕೂಸನ್ನು ಮಲಗಿಸಿ, ಬೆಳಕು ಹೊಂದಿಸಿ ಕೊಡುತ್ತಾರೆ, ಕಲಿಯಲು ಬಂದವರೆಲ್ಲ ಸರದಿಯಲ್ಲಿ ನಿಂತು ಕ್ಲಿಕ್ಕಿಸಿಕೊಳ್ಳುತ್ತಾರೆ. ಆ ಚಿತ್ರವನ್ನು ತಮ್ಮ ಪುಟದಲ್ಲಿ ಹಾಕಿಕೊಂಡರೆ ಸುಳ್ಳೆನ್ನಲಾಗದು, ಆದರೆ ಕೂಸನ್ನು ಮಲಗಿಸಿದ ಕೈ ಅವರದಲ್ಲ. ಆದ್ದರಿಂದ ಆಯ್ದ ಇಪ್ಪತ್ತು ಚಿತ್ರಗಳನ್ನು ಬಿಟ್ಟು, ಒಂದೇ ಮಗುವಿನ ಒಂದು ಪೂರ್ತಿ ಆಲ್ಬಮ್ ತೋರಿಸಲು ಕೇಳಿ. ಮೊದಲಿನಿಂದ ಕೊನೆಯವರೆಗೆ ಒಂದೇ ಕೂಸು ನೆಮ್ಮದಿಯಾಗಿ ಕಂಡರೆ ಅದು ನಿಜವಾದ ಕಸುಬು.

ಆಮೇಲೆ ಇಬ್ಬರಿಗೂ ಫೋನ್ ಮಾಡಿ. ಗದ್ದದ ಕೆಳಗೆ ಕೈಯಿಟ್ಟ ಚಿತ್ರ ಹೇಗೆ ತೆಗೆಯುತ್ತೀರಿ ಎಂದು ಕೇಳಿ. ಎರಡು ಚಿತ್ರಗಳನ್ನು ಜೋಡಿಸುತ್ತೇವೆ ಎಂದರೆ ಮಾತು ಮುಂದುವರಿಸಿ. ಆ ಭಂಗಿಯನ್ನು ನಾನು ಮಾಡುವುದೇ ಇಲ್ಲ ಎಂದರೆ ಇನ್ನೂ ಒಳ್ಳೆಯದು. "ಅದೆಲ್ಲ ನಮಗೆ ಬಿಡಿ" ಎಂದರೆ ಫೋನ್ ಇಡಿ. ಕೂಸು ಅಳು ನಿಲ್ಲಿಸದಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಿ. ಹಾಲೂಡಿಸಲು, ಬಟ್ಟೆ ಬದಲಿಸಲು, ಸುಮ್ಮನೆ ಎತ್ತಿಕೊಂಡು ಓಡಾಡಲು ಸಮಯವಿದೆ, ಆಗದಿದ್ದರೆ ಇನ್ನೊಂದು ದಿನ ಬನ್ನಿ ಎನ್ನುವವರು ಬೇಕು. ಗಂಟೆ ಲೆಕ್ಕ ಹೇಳುವವರು ಬೇಡ. ಗಾಜಿನ ಪಾತ್ರೆಯಲ್ಲಿ ಕೂರಿಸುವುದು, ಕೊಂಬೆಗೆ ಜೋಳಿಗೆ ಕಟ್ಟಿ ತೂಗುಹಾಕುವುದು ಇಂಥವನ್ನು ಕೂಸಿನ ಮೇಲಿಂದ ಕೈ ತೆಗೆದು ಮಾಡುವವರಾದರೆ ಎಷ್ಟೇ ಪ್ರಶಸ್ತಿ ಬಂದಿರಲಿ, ಬೇಡ. ಸ್ಟುಡಿಯೋದವರಿಗೆ ನೆಗಡಿ, ಕೆಮ್ಮು ಇದ್ದರೆ ದಿನ ಮುಂದೂಡುತ್ತಾರೆಯೇ, ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದಾರೆಯೇ ಎಂದು ಕೇಳುವುದರಲ್ಲೂ ನಾಚಿಕೆ ಬೇಡ. ಆ ವಯಸ್ಸಿನಲ್ಲಿ ಮಗುವಿಗೆ ಅದರ ಲಸಿಕೆ ಇನ್ನೂ ಶುರುವಾಗಿರುವುದಿಲ್ಲ.

"ಎರಡು ವಾರದೊಳಗೇ ತೆಗೆಸಬೇಕಂತೆ, ಹೌದೇ" ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ: 5ರಿಂದ 14 ದಿನ ಎಂದು ಹೇಳುವುದಕ್ಕೆ ಕಾರಣವಿದೆ. ಆಗ ಕೂಸು ಹೆಚ್ಚು ಹೊತ್ತು ಗಾಢವಾಗಿ ಮಲಗುತ್ತದೆ, ಗರ್ಭದಲ್ಲಿದ್ದ ಹಾಗೆ ಸುಲಭವಾಗಿ ಮುದುಡಿಕೊಳ್ಳುತ್ತದೆ. ಅದು ಅನುಕೂಲದ ಮಾತು, ಕಾನೂನಲ್ಲ. ಹೆರಿಗೆ ವೈದ್ಯರು ಹೇಳಿದ ದಿನಕ್ಕೇ ಆಗುವುದು ಅಪರೂಪ, ಹಾಗಾಗಿ ನಿಗದಿತ ದಿನಾಂಕಕ್ಕೆ ಜೋತುಬೀಳದವರನ್ನು ನೋಡಿ. ಕಾಮಾಲೆ ಇಳಿದಿಲ್ಲ, ಹಾಲು ಕುಡಿಯುವುದು ಕುದುರಿಲ್ಲ, ಬಾಣಂತಿಗೆ ಕೂರಲಾಗುತ್ತಿಲ್ಲ ಎಂದಾದರೆ ಮನೆಯಲ್ಲೇ ಇರಿ. ಆರೇಳು ವಾರವಾದರೆ ಮುಖ ನೋಡಿ ನಗುವ ಮಗು ಸಿಗುತ್ತದೆ, ಅದರ ಫೋಟೋ ಕೆಟ್ಟದಾಗಿರುವುದಿಲ್ಲ. ಇನ್ನೂ ಒಂದು ಮಾತು, ನಿಮಗೆ ರುಚಿಸಲಿಕ್ಕಿಲ್ಲ: ಕಿಟಕಿಯ ಪಕ್ಕ ನಿಮ್ಮ ಹೆಂಡತಿಯ ಎದೆಯ ಮೇಲೆ ಮಲಗಿದ ಕೂಸನ್ನು ನೀವೇ ಮೊಬೈಲಿನಲ್ಲಿ ದಿನಕ್ಕೆ ಹತ್ತು ಬಾರಿ ತೆಗೆಯಿರಿ. ಛಾಯಾಗ್ರಾಹಕರು ಬರುತ್ತಾರಲ್ಲ ಎಂದು ನಾನು ಮೊದಲ ಹತ್ತು ದಿನ ಹೆಚ್ಚಾಗಿ ಕೈಕಟ್ಟಿ ಕುಳಿತಿದ್ದೆ.

ಅದರಿಂದ ಆದ ನಷ್ಟವನ್ನೂ ಹೇಳಬೇಕು. ಮಗಳ ಎರಡು ಹುಬ್ಬುಗಳ ನಡುವಿನಿಂದ ಹಣೆಯ ಮೇಲಕ್ಕೆ ತೆಳು ಗುಲಾಬಿ ಬಣ್ಣದ ಒಂದು ಕಲೆಯಿತ್ತು, ದೀಪದ ಕುಡಿಯ ಆಕಾರದ್ದು. ಅತ್ತರೆ ಕೆಂಪೇರುತ್ತಿತ್ತು, ಮಲಗಿದರೆ ಮಸುಕಾಗುತ್ತಿತ್ತು. ಚರ್ಮದಡಿಯ ಸಣ್ಣ ರಕ್ತನಾಳಗಳು ಹಿಗ್ಗಿ ಕಾಣುವ ಗುರುತು ಅದು, ಎಷ್ಟೋ ಕೂಸುಗಳಿಗೆ ಇರುತ್ತದೆ, ಒಂದೆರಡು ವರ್ಷದಲ್ಲಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು. ಹೋಯಿತು ಕೂಡ. ಆ ನಲವತ್ತು ಚಿತ್ರಗಳಲ್ಲಿ ಒಂದರಲ್ಲೂ ಅದಿಲ್ಲ. ಒಣಗಿ ಸುಲಿಯುತ್ತಿದ್ದ ಮಣಿಕಟ್ಟಿನ ಚರ್ಮ, ಕೆನ್ನೆಯ ಮೇಲಿನ ನವಿರು ಕೂದಲು, ಹಣೆಯ ಆ ಕುಡಿ ಎಲ್ಲವನ್ನೂ ಉಜ್ಜಿ ತೆಗೆದು, ಮೇಣದ ಬೊಂಬೆಯಂತೆ ಮಾಡಿ ಕಳಿಸಿದ್ದರು. ನಮ್ಮ ಮೊಬೈಲಿನ ನಾಲ್ಕಾರು ಚಿತ್ರಗಳಲ್ಲಿ ಮಗಳ ಹಣೆಯ ಮೇಲೆ ಟೋಪಿ ಇದೆ.

ಹೋದ ವರ್ಷ ಮಗಳು ತನ್ನ ಹಣೆಯ ಕಥೆ ಕೇಳಿ, ತೋರಿಸು ಎಂದು ಹಟ ಹಿಡಿದಳು. ಈಗ ಹಿಡಿದದ್ದು ನಿಜವಾದ ಹಟ. ಛಾಯಾಗ್ರಾಹಕರಿಗೆ ಫೋನ್ ಮಾಡಿ, ತಿದ್ದುವ ಮುಂಚಿನ ಮೂಲ ಚಿತ್ರಗಳು ಇವೆಯೇ ಎಂದು ಕೇಳಿದೆ. ಆರು ತಿಂಗಳಾದ ಮೇಲೆ ಅಳಿಸುತ್ತೇವೆ ಸರ್, ಕರಾರಿನಲ್ಲಿದೆ ಎಂದರು, ಬಹಳ ಸೌಜನ್ಯದಿಂದಲೇ. ಕಾಗದ ಹುಡುಕಿ ತೆಗೆದೆ. ಎರಡನೆಯ ಪುಟದಲ್ಲಿ ಬರೆದಿತ್ತು, ಕೆಳಗೆ ನನ್ನ ಸಹಿ. ನೀವು ಫೋನ್ ಮಾಡುವಾಗ ಇದನ್ನೂ ಕೇಳಿ: ಮೂಲ ಚಿತ್ರಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಹುಟ್ಟುಮಚ್ಚೆಗಳನ್ನು ನಮ್ಮನ್ನು ಕೇಳದೆ ಅಳಿಸುತ್ತೀರಾ?