ಟಿಕೆಟ್ಟು ಅಗ್ಗ, ಸಿನಿಮಾ ದುಬಾರಿ

“ನಿಮ್ಮ ಕಡೆ ನೂರು ರೂಪಾಯಿಗೆ ಬಾಲ್ಕನಿ ಸಿಗುತ್ತೆ, ನಾವಿಲ್ಲಿ ಆರುನೂರು ಕೊಟ್ಟು ನೋಡ್ತೀವಿ, ನೀವ್ಯಾಕೆ ಗೊಣಗ್ತೀರಿ?” ಅಂತ ಬೆಂಗಳೂರಲ್ಲಿ ಕೂತು ಕೇಳಿದೆಯಲ್ಲ, ಅದಕ್ಕೆ ನಮ್ಮ ಸಕಲೇಶಪುರದ ಉತ್ತರ ಒಂದು ಸಾಲಿನಲ್ಲಿ ಮುಗಿಯೋದಿಲ್ಲ ಮಾರಾಯ. ಸಾಲದ್ದಕ್ಕೆ “ಗಡಿಯವರು ನೀವು, ಕನ್ನಡ ಸಿನಿಮಾ ನೋಡ್ತೀರೋ ತುಳು ನೋಡ್ತೀರೋ” ಅಂತ ಬಾಲ ಬೇರೆ ಕಟ್ಟಿದ್ದೀಯ.

ಮೊದಲು ಬಾಲದ ವಿಷಯ ಮುಗಿಸೋಣ. ಸಕಲೇಶಪುರ ಹಾಸನ ಜಿಲ್ಲೆ. ಶಿರಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ, ಬಿಸಿಲೆ ಘಾಟಿ ಇಳಿದರೂ ದಕ್ಷಿಣ ಕನ್ನಡ, ಯಸಳೂರು ದಾಟಿದರೆ ಕೊಡಗು, ಹಾನುಬಾಳು ದಾಟಿದರೆ ಮೂಡಿಗೆರೆ, ಅಂದರೆ ಚಿಕ್ಕಮಗಳೂರು. ಮೂರು ಜಿಲ್ಲೆಯ ಗಡಿ ಇದೆ, ರಾಜ್ಯದ ಗಡಿ ಒಂದೂ ಇಲ್ಲ. ತುಳು, ಬ್ಯಾರಿ, ತಮಿಳು, ಈಚೆಗೆ ತೋಟದ ಕೆಲಸಕ್ಕೆ ಬಂದವರ ಅಸ್ಸಾಮಿ, ಎಲ್ಲ ಕಿವಿಗೆ ಬೀಳುತ್ತವೆ. ಸಂತೆಯಲ್ಲಿ ಚೌಕಾಸಿ ನಡೆಯುವುದು ಮಾತ್ರ ಕನ್ನಡದಲ್ಲೇ. ಸಿನಿಮಾ ಹಂಚಿಕೆಯವರ ಲೆಕ್ಕದಲ್ಲೂ ನಾವು ಕರಾವಳಿ ಅಲ್ಲ. ಅವರು ಎಂಎಂಸಿಎಚ್ ಅಂತ ಒಂದು ಏರಿಯಾ ಮಾಡಿಕೊಂಡಿದ್ದಾರೆ: ಮೈಸೂರು, ಮಂಡ್ಯ, ಕೂರ್ಗ್, ಹಾಸನ. ಕನ್ನಡ ಸಿನಿಮಾದ ಗಲ್ಲಾಪೆಟ್ಟಿಗೆ ಎಂದು ಗಾಂಧಿನಗರದ ಸಿನಿಮಾ ಮಂದಿ ಲೆಕ್ಕ ಹಾಕುವಾಗ ನಮ್ಮ ದುಡ್ಡೂ ಅದರೊಳಗೇ ಇರುತ್ತದೆ. ಪ್ರಮಾಣಪತ್ರ ಬೇಕಾದರೆ ಅದೇ.

ಇನ್ನು ನಿನ್ನ ನೂರು ರೂಪಾಯಿ. ನೀನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಒಂಟಿ ಪರದೆಯ ಥಿಯೇಟರುಗಳಲ್ಲಿ ಮಾಮೂಲಿ ವಾರ ನೂರರ ಆಸುಪಾಸಿನಲ್ಲಿ ಸೀಟು ಸಿಗುತ್ತದೆ. ಆದರೆ ಆ ನೂರು ಎಂಬ ಅಂಕಿಯಲ್ಲೇ ಒಂದು ತಮಾಷೆ ಇದೆ. 2025ರ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟಿಗೆ ಜಿಎಸ್‌ಟಿ ಶೇ. 5, ನೂರು ದಾಟಿದರೆ ಶೇ. 18. ದಾಟಿದ ಭಾಗಕ್ಕಲ್ಲ, ಪೂರ್ತಿ ಟಿಕೆಟಿಗೆ. ಅಂದರೆ ನೂರರ ಟಿಕೆಟು ಕೈಗೆ ಬರುವಾಗ 105 ರೂಪಾಯಿ. ಕರೆಂಟ್ ಬಿಲ್ ಏರಿತು ಅಂತ ಮಾಲೀಕ ಹತ್ತು ರೂಪಾಯಿ ಏರಿಸಿ 110 ಮಾಡಿದ ಅಂದುಕೋ, ಅದೇ ಟಿಕೆಟು 129 ರೂಪಾಯಿ 80 ಪೈಸೆ. ನೋಡುವವನ ಜೇಬಿಂದ ಹೆಚ್ಚಿಗೆ ಹೋದದ್ದು 24.80, ಥಿಯೇಟರಿಗೆ ಸೇರಿದ್ದು ಅದರಲ್ಲಿ ಹತ್ತೇ ರೂಪಾಯಿ. ಹಾಗಾಗಿ ಯಾರೂ 110 ಇಡೋದಿಲ್ಲ. ಇಟ್ಟರೆ ನೂರಕ್ಕೆ ನಿಲ್ಲುತ್ತಾರೆ, ದಾಟಿದರೆ ಬೈಸಿಕೊಳ್ಳೋದು ಹೇಗೂ ತಪ್ಪದು ಅಂತ ಸೀದಾ 150ಕ್ಕೆ ಜಿಗಿಯುತ್ತಾರೆ. ಅದು ತೆರಿಗೆ ಸೇರಿ 177. 2017ರ ಜುಲೈಗೆ ಮುಂಚೆ ಕನ್ನಡ ಸಿನಿಮಾಕ್ಕೆ ಮನರಂಜನಾ ತೆರಿಗೆಯೇ ಇರಲಿಲ್ಲ ಅನ್ನುವುದು ಈಗ ಯಾರಿಗೂ ನೆನಪಿಲ್ಲ.

ದೊಡ್ಡ ಸ್ಟಾರ್ ಸಿನಿಮಾ ಬಂದ ವಾರ ದರ ಏರುವುದಕ್ಕೆ ಕಾರಣ ಬೇರೆ. ಹಂಚಿಕೆದಾರ ಎಂ.ಜಿ. ಅಂತ, ಅಂದರೆ ಕನಿಷ್ಠ ಇಷ್ಟು ಅಂತ ದುಡ್ಡು ಮೊದಲೇ ಕೊಟ್ಟು ಏರಿಯಾ ಹಿಡಿದಿರುತ್ತಾನೆ. ಸಿನಿಮಾ ಚೆನ್ನಾಗಿಲ್ಲ ಅನ್ನುವ ಸುದ್ದಿ ಶುಕ್ರವಾರ ಮ್ಯಾಟಿನಿ ಬಿಡುವ ಹೊತ್ತಿಗೇ ಮೊಬೈಲಿನಲ್ಲಿ ಊರೆಲ್ಲ ಹಬ್ಬುತ್ತದೆ. ಹಾಕಿದ ದುಡ್ಡು ಭಾನುವಾರದೊಳಗೆ ವಾಪಸ್ ಬರಬೇಕು, ಆಮೇಲೆ ಬಂದರೆ ಅದೃಷ್ಟ. ಅದಕ್ಕೇ ಆ ಮೂರು ದಿನ ಇನ್ನೂರು, ಇನ್ನೂರೈವತ್ತು.

ಮಲ್ಟಿಪ್ಲೆಕ್ಸಿರಲಿ ಒಂಟಿ ಪರದೆಯಿರಲಿ ಟಿಕೆಟು ಇನ್ನೂರು ದಾಟಬಾರದು ಅನ್ನುವ ಮಿತಿ ನಮಗೆ ವರವಾಗುತ್ತಿತ್ತಾ ಅಂದರೆ ಅದೂ ಇಲ್ಲ. ಸರ್ಕಾರ 2025ರ ಸೆಪ್ಟೆಂಬರ್ 12ಕ್ಕೆ ನಿಯಮ ಹೊರಡಿಸಿತು, 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು, ಕಥೆ ದೆಹಲಿಗೆ ಹೋಯಿತು. ಆ ಇನ್ನೂರು ಕೂಡ ತೆರಿಗೆ ಬಿಟ್ಟು. ಸೇರಿಸಿದರೆ 236. ಆನ್‌ಲೈನಿನಲ್ಲಿ ಕಾಯ್ದಿರಿಸಿದರೆ ಟಿಕೆಟಿಗೆ ಮೂವತ್ತು ರೂಪಾಯಿ ಅನುಕೂಲ ಶುಲ್ಕ ಅಂತ ಇಟ್ಟುಕೋ, ಅದಕ್ಕೂ ಶೇ. 18 ಸೇರಿ 35.40. ನಾಲ್ಕು ಜನಕ್ಕೆ ಸಾವಿರದ ಎಂಬತ್ತೈದೂವರೆ ಆಯಿತು, ಇನ್ನೂ ಪಾಪ್‌ಕಾರ್ನ್ ಮುಟ್ಟಿಲ್ಲ. ಯಾರಿಗೆ ಅನುಕೂಲ ಅಂತ ಆ ಶುಲ್ಕದ ಹೆಸರಿಟ್ಟರೋ!

ಇಷ್ಟೆಲ್ಲ ಆದರೂ ನಮ್ಮ ನಿಜವಾದ ತಾಪತ್ರಯ ಟಿಕೆಟಲ್ಲ. ಗಡಿಯಾರ.

ಸಕಲೇಶಪುರದಿಂದ ಒಳಗಿರುವ ಹೆತ್ತೂರು ಕಡೆಯ ಒಂದು ಮನೆಯಿಂದ ಗಂಡ, ಹೆಂಡತಿ, ಇಬ್ಬರು ಮಕ್ಕಳು ಹಾಸನಕ್ಕೆ ಹೋಗಿ ಹೊಸ ಸಿನಿಮಾ ನೋಡಬೇಕು ಅಂದುಕೊಂಡರು ಅಂತ ಇಟ್ಟುಕೋ. ಸಕಲೇಶಪುರ-ಹಾಸನ ನಲವತ್ತು ಕಿಲೋಮೀಟರ್, ಒಂದು ಗಂಟೆ. ಆ ದಾರಿಯಲ್ಲಿ ಬಸ್ಸಿಗೆ ಬರವಿಲ್ಲ, ಬೆಂಗಳೂರು-ಮಂಗಳೂರು ಬಸ್ಸುಗಳು ರಾತ್ರಿಯಿಡೀ ಓಡುತ್ತವೆ. ಹೆಂಡತಿಗೆ, ಹೆಣ್ಣುಮಗುವಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟು, ಆಧಾರ್ ಮರೆಯದಿದ್ದರೆ, ಹತ್ತಿದ್ದು ಕೆಂಪು ಬಸ್ಸಾಗಿದ್ದರೆ. ಬರವಿರುವುದು ಸಕಲೇಶಪುರದಿಂದ ಒಳಗಿನ ಹೋಬಳಿಗಳಿಗೆ. ಅಲ್ಲಿಗೆ ಕೊನೆಯ ಬಸ್ಸು ಕತ್ತಲಾಗುವ ಹೊತ್ತಿಗೇ ಹೊರಟುಬಿಡುತ್ತದೆ.

ಈಗ ಆಟದ ಸಮಯ ಹಿಡಿ. ಬೆಳಗಿನ ಆಟ ಹತ್ತೂವರೆ, ಮ್ಯಾಟಿನಿ ಒಂದೂವರೆ, ಫಸ್ಟ್ ಶೋ ನಾಲ್ಕೂವರೆ, ಸೆಕೆಂಡ್ ಶೋ ಏಳೂವರೆ. ಈಗಿನ ದೊಡ್ಡ ಸಿನಿಮಾ ಎರಡೂವರೆ ಗಂಟೆಗೆ ಕಡಿಮೆ ಇಲ್ಲ. ಜಾಹೀರಾತು ಹತ್ತು ನಿಮಿಷ, ಇಂಟರ್ವಲ್ ಹದಿನೈದು ನಿಮಿಷ. ಫಸ್ಟ್ ಶೋ ಬಿಡುವಾಗ ಏಳೂವರೆ, ಸಕಲೇಶಪುರ ತಲುಪುವಾಗ ಎಂಟೂ ಮುಕ್ಕಾಲು. ಒಳಗಿನ ಬಸ್ಸು ಹೋಗಿ ಮಲಗಿರುತ್ತದೆ. ಸೆಕೆಂಡ್ ಶೋ ಮಾತೇ ಬೇಡ. ಉಳಿದದ್ದು ಬೆಳಗಿನ ಆಟ ಮತ್ತು ಮ್ಯಾಟಿನಿ. ಮ್ಯಾಟಿನಿ ಸರಿಯಾಗಿ ಒಂದೂವರೆಗೆ ಶುರುವಾದರೆ ನಾಲ್ಕೂವರೆಗೆ ಹೊರಗೆ, ಐದೂ ಮುಕ್ಕಾಲರ ಹೊತ್ತಿಗೆ ಸಕಲೇಶಪುರ, ಓಡಿದರೆ ಕೊನೆಯ ಬಸ್ಸು. ಕ್ಲೈಮ್ಯಾಕ್ಸ್ ಮುಗಿಯುವ ಮೊದಲೇ ನಮ್ಮವರು ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಿರುವುದನ್ನು ಹಾಸನದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರಿಗೆ ಆಟೋ ಸಿಗುತ್ತೆ.

“ಸರಿಯಾಗಿ ಒಂದೂವರೆಗೆ” ಅಂದೆನಲ್ಲ, ಕೈಕೊಡುವುದೂ ಅಲ್ಲೇ. ಈಗ ರೀಲಿನ ಡಬ್ಬ ಬರುವುದಿಲ್ಲ. ಸಿನಿಮಾ ಉಪಗ್ರಹದ ಮೂಲಕವೋ ಹಾರ್ಡ್ ಡಿಸ್ಕಿನಲ್ಲೋ ಬಂದು ಥಿಯೇಟರಿನ ಸರ್ವರ್‌ನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಬೀಗ ತೆಗೆಯಲು ಕೆಡಿಎಂ ಅಂತ ಒಂದು ಡಿಜಿಟಲ್ ಕೀಲಿ ಬರಬೇಕು. ಆ ಕೀಲಿ ಒಂದು ಸಿನಿಮಾಕ್ಕೆ, ಒಂದು ಸರ್ವರಿಗೆ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಮಾತ್ರ. ಹಳೇ ಬಾಕಿ ಇದ್ದರೆ ಕೀಲಿ ತಡ. ಸರ್ವರ್ ಬದಲಾಯಿಸಿ ಹೊಸ ನಂಬರು ತಿಳಿಸದಿದ್ದರೆ ಬಂದ ಕೀಲಿ ಹೊಂದುವುದಿಲ್ಲ. ನಿರ್ಮಾಪಕರಿಗೂ ಹಂಚಿಕೆದಾರರಿಗೂ ಗುರುವಾರ ರಾತ್ರಿ ಲೆಕ್ಕ ತಗಾದೆಯಾದರೆ ಶುಕ್ರವಾರ ಬೆಳಗ್ಗೆ ಕೀಲಿಯೇ ಇಲ್ಲ. ಬೆಳಗಿನ ಆಟ ಮುಕ್ಕಾಲು ಗಂಟೆ ತಡವಾಯಿತು ಅಂದರೆ ಮ್ಯಾಟಿನಿಯೂ ಅಷ್ಟೇ ತಡ, ಏಕೆಂದರೆ ಪರದೆ ಒಂದೇ. ನಿಮ್ಮಲ್ಲಾದರೆ ಕಾಫಿ ಕುಡಿದುಕೊಂಡು ಕಾಯುತ್ತೀರಿ. ನಮ್ಮಲ್ಲಿ ಆ ಮುಕ್ಕಾಲು ಗಂಟೆಯ ಹೆಸರು ಬಾಡಿಗೆ ಜೀಪು, ರಾತ್ರಿ ಹೊತ್ತಾದರೆ ಸಾವಿರದ ಹತ್ತಿರ ಕೇಳುತ್ತಾರೆ. ನಾಲ್ಕು ಟಿಕೆಟಿಗೆ 420 ಕೊಟ್ಟವನು ಮನೆ ಸೇರಲು ಅದರ ಎರಡರಷ್ಟು ಕೊಡಬೇಕು.

ಬೈಕಿನಲ್ಲಿ ಹೋಗಬಾರದಾ ಅಂತ ನೀನು ಕೇಳೇ ಕೇಳುತ್ತೀಯ. ಹೋಗಬಹುದು, ಆನೆ ಒಪ್ಪಿದರೆ. ಸಕಲೇಶಪುರ, ಆಲೂರು, ಬೇಲೂರು ಮೂರು ತಾಲ್ಲೂಕಿನಲ್ಲೂ ಕಾಡಾನೆ ಹಗಲು ಕಾಫಿ ತೋಟದೊಳಗೆ ನಿಂತಿದ್ದು ಸಂಜೆಯಾದ ಮೇಲೆ ರಸ್ತೆ ದಾಟುತ್ತದೆ. ಹಲಸು ಹಣ್ಣಾಗುವ ಕಾಲ, ಭತ್ತ ತೆನೆ ಕಟ್ಟುವ ಕಾಲ ಇನ್ನೂ ಜಾಸ್ತಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಇಂಥ ಊರಿನ ಹತ್ತಿರ ಆನೆ ಇದೆ ಅಂತ ಮೊಬೈಲಿಗೆ ಸಂದೇಶ ಕಳಿಸುತ್ತಾರೆ, ಕೆಲವು ಕಡೆ ರಸ್ತೆ ಬದಿ ಬೋರ್ಡಿನಲ್ಲೂ ಬರುತ್ತದೆ. ಮಂಜು ಬಿದ್ದ ತಿರುವಿನಲ್ಲಿ ಬೈಕಿನ ಲೈಟಿಗೆ ಆನೆ ಕಾಣುವುದು ಹತ್ತಿರ ಹೋದ ಮೇಲೆಯೇ. ತೋಟದ ರಸ್ತೆಯಲ್ಲಿ ಎರಡೂ ಬದಿ ಬೇಲಿ, ಬೈಕು ತಿರುಗಿಸಲು ಜಾಗವಿಲ್ಲ. ಅದಕ್ಕೇ ನಮ್ಮ ಕಡೆ ಸಂಜೆ ಆರರ ಮೇಲೆ ಯಾರಾದರೂ ಸಿನಿಮಾಕ್ಕೆ ಹೊರಟರೆ ಮನೆಯವರು ಟಿಕೆಟ್ ದರ ಕೇಳೋದಿಲ್ಲ, “ಮೆಸೇಜ್ ನೋಡಿದ್ಯಾ” ಅಂತಾರೆ. ಸೆಕೆಂಡ್ ಶೋಗೆ ಜನ ಇಲ್ಲ ಅಂತ ಥಿಯೇಟರಿನವರು ಅಳುತ್ತಾರೆ, ನಿಜ. ಆ ಜನ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದಾರೆ.

ಮಳೆಗಾಲದ್ದು ಇನ್ನೊಂದು ಲೆಕ್ಕ. 2024ರ ಜುಲೈಯಲ್ಲಿ ದೊಡ್ಡತಪ್ಪಲು ಹತ್ತಿರ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ಬಸ್ಸುಗಳೇ ಸುತ್ತಿ ಹೋದವು, ಸಿನಿಮಾ ಯಾರಿಗೆ ನೆನಪಾಗುತ್ತೆ? ದೀಪಾವಳಿ ಹೊತ್ತಿಗೆ ಒಳ್ಳೊಳ್ಳೆ ಸಿನಿಮಾ ಬರುತ್ತವೆ, ಅದೇ ಹೊತ್ತಿಗೆ ಹಾಸನಾಂಬೆ ಬಾಗಿಲು ತೆರೆದಿರುತ್ತದೆ. ಆಗ ಹಾಸನದಲ್ಲಿ ಬಸ್ಸಿನೊಳಗೆ ಕಾಲಿಡಲು ಜಾಗ ಸಿಕ್ಕರೆ ತಾಯಿಯ ಕೃಪೆ. ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಕಾಫಿ ಕೊಯ್ಲಿನ ಕಾಲದಲ್ಲಿ. ಆಗ ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಎಷ್ಟೋ ತೋಟಗಳಲ್ಲಿ ವಾರದ ರಜೆ ಭಾನುವಾರವಲ್ಲ, ಸಂತೆಯ ದಿನ. ವಾರಾಂತ್ಯದ ಸಿನಿಮಾ ಅನ್ನುವ ಮಾತೇ ನಮ್ಮಲ್ಲಿ ಅರ್ಧ ಜನಕ್ಕೆ ಹೊಂದುವುದಿಲ್ಲ.

“ಎರಡನೇ ವಾರ ನಿಧಾನವಾಗಿ ನೋಡಿ” ಅಂತೀಯ. ಎರಡನೇ ವಾರ ಇದ್ದರೆ ತಾನೆ? ಒಂಟಿ ಪರದೆಗೆ ಸಿನಿಮಾದವರು ಕೊಡುವ ವಾರದ ಬಾಡಿಗೆಯೋ ಪರ್ಸೆಂಟೇಜೋ ಗೊತ್ತಾಗಿರುತ್ತದೆ, ಅದರ ಜೊತೆಗೆ ಸಿನಿಮಾವನ್ನು ಪರದೆಗೆ ತಲುಪಿಸುವ ಡಿಜಿಟಲ್ ಕಂಪನಿಗೆ ವಿಪಿಎಫ್ ಅನ್ನುವ ಶುಲ್ಕವನ್ನೂ ಅವರೇ ಕಟ್ಟಬೇಕು. ಬಾಡಿಗೆ ಪದ್ಧತಿಯಲ್ಲಿ ಹೊಸಬರ ಕನ್ನಡ ಸಿನಿಮಾದ ಕಲೆಕ್ಷನ್ ಬಾಡಿಗೆಗಿಂತ ಕೆಳಗಿಳಿದರೆ ಉಳಿದದ್ದನ್ನು ನಿರ್ಮಾಪಕ ತನ್ನ ಕೈಯಿಂದ ತುಂಬಬೇಕು. ಎಷ್ಟು ದಿನ ತುಂಬುತ್ತಾನೆ? ಶುಕ್ರವಾರ ಪಕ್ಕದ ರಾಜ್ಯದ ದೊಡ್ಡ ಸಿನಿಮಾ ಬರುತ್ತದೆ ಅಂದ ಕೂಡಲೇ ಇದನ್ನು ಎತ್ತುತ್ತಾರೆ. ಚೆನ್ನಾಗಿದೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹರಡಿ ಹೆತ್ತೂರು ಮುಟ್ಟುವ ಹೊತ್ತಿಗೆ ಪೋಸ್ಟರ್ ಮೇಲೆ ಇನ್ನೊಂದು ಪೋಸ್ಟರ್. ಆಮೇಲೆ ವೇದಿಕೆ ಮೇಲೆ ನಿಂತು “ಕನ್ನಡಿಗರು ಕನ್ನಡ ಸಿನಿಮಾ ನೋಡಲ್ಲ” ಅಂತೀರಲ್ಲ, ಅದು ಕೇಳಿದರೆ ಮಾತ್ರ ಮೈ ಉರಿಯುತ್ತೆ. ಬಂದದ್ದೇ ಗೊತ್ತಾಗದ ಸಿನಿಮಾವನ್ನು ಎಲ್ಲಿಂದ ನೋಡೋದು?

ತಿಂಡಿಯ ವಿಷಯದಲ್ಲಿ ನಾವು ನಿಮಗಿಂತ ಸುಖಿಗಳು, ಒಪ್ಪಿಕೊಳ್ಳುತ್ತೇನೆ. ಇಲ್ಲಿ ಇಂಟರ್ವಲ್‌ನಲ್ಲಿ ಇನ್ನೂ ಕಡ್ಲೆಬೀಜ, ಮಂಡಕ್ಕಿ ಸಿಗುತ್ತವೆ. ಹೊರಗಿನ ತಿಂಡಿ ಬೇಡ ಅನ್ನುವ ಹಕ್ಕು ಥಿಯೇಟರಿಗಿದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಕೂಸಿನ ಆಹಾರ ಒಳಗೆ ಬಿಡಬೇಕು ಅಂತಲೂ ಹೇಳಿದೆ. ಇದನ್ನು ನೆನಪಿಟ್ಟುಕೋ, ಬಾಗಿಲಲ್ಲಿ ಕೆಲಸಕ್ಕೆ ಬರುತ್ತೆ. 2025ರ ನವೆಂಬರ್‌ನಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಗಳು ಮಲ್ಟಿಪ್ಲೆಕ್ಸಿನಲ್ಲಿ ನೀರಿಗೆ ನೂರು, ಕಾಫಿಗೆ ಏಳುನೂರು ತಗೋತೀರಲ್ಲ ಅಂತ ಕೇಳಿದಾಗ ನಮ್ಮ ಊರಿನಲ್ಲಿ ನಕ್ಕಿದ್ದೇ ನಕ್ಕಿದ್ದು. ಒಂದು ಲೋಟಕ್ಕೆ ಹತ್ತು ಗ್ರಾಂ ಪುಡಿ ಸಾಕು. ಕೆಜಿ ಪುಡಿಗೆ ಸಾವಿರ ಅಂದರೂ ಹತ್ತು ರೂಪಾಯಿ. ಬೆಳೆದವನ ಕೈಗೆ ಅದರಲ್ಲಿ ಎಷ್ಟು ಬರುತ್ತೆ ಅಂತ ತೋಟದವರನ್ನು ಕೇಳಬೇಡ, ಸಂಜೆಯಾಗಿಬಿಡುತ್ತೆ.

ಓಟಿಟಿಯಲ್ಲಿ ನೋಡಿ ಅನ್ನುವುದು ನಿಮ್ಮ ಕೊನೆಯ ಸಲಹೆ. ವಾರಾಂತ್ಯಕ್ಕೆ “ನೆಟ್‌ವರ್ಕ್ ಇಲ್ಲದ ಜಾಗ ಎಷ್ಟು ಶಾಂತ” ಅಂತ ನಮ್ಮ ಹೋಂಸ್ಟೇಗಳಿಗೆ ಬರುವವರೂ ನೀವೇ, ಸೋಮವಾರ ಆಫೀಸಿಗೆ ಹೋಗಿ ಈ ಸಲಹೆ ಕೊಡುವವರೂ ನೀವೇ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಿತ್ತರೆ ಕರೆಂಟ್ ಬರಲು ಎರಡು ದಿನ, ಟವರಿನ ಬ್ಯಾಟರಿ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಹಾಗಾದರೆ ನಮ್ಮವರು ಸಿನಿಮಾ ನೋಡುವುದು ಹೇಗೆ? ಮೊದಲ ಶುಕ್ರವಾರ ಹೋಗುವುದಿಲ್ಲ, ಕೀಲಿಯ ಗಲಾಟೆ ಹೆಚ್ಚಾಗಿ ಅವತ್ತೇ. ಸೋಮವಾರದಿಂದ ಗುರುವಾರದ ಒಳಗೆ ಬೆಳಗಿನ ಆಟ ಹಿಡಿಯುತ್ತಾರೆ. ಏರಿಸಿದ ದರವೂ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಆನ್‌ಲೈನ್ ಬೇಡ, ಕೌಂಟರಿನಲ್ಲೇ ಟಿಕೆಟು, ಅನುಕೂಲ ಶುಲ್ಕ ಉಳಿಯಿತು. ನಾಲ್ಕೈದು ಮನೆ ಸೇರಿ ಒಂದೇ ಜೀಪು ಮಾಡಿಕೊಂಡರೆ ತಲೆಗೆ ನೂರು, ನೂರೈವತ್ತರಲ್ಲಿ ಮುಗಿಯುತ್ತದೆ. ಹೊರಡುವ ಮುಂಚೆ ಥಿಯೇಟರಿಗೆ ಫೋನ್ ಮಾಡಿ ಎರಡು ಮಾತು ಕೇಳಲೇಬೇಕು: ಬೆಳಗಿನ ಆಟ ಇದೆಯಾ, ಎಷ್ಟು ಜನ ಆದರೆ ಹಾಕ್ತೀರಿ? ವಾರದ ದಿನ ಎಂಟು ಹತ್ತು ಜನ ಆಗದಿದ್ದರೆ ಆಟ ರದ್ದು ಮಾಡುವುದುಂಟು. ಹಾಗಾದರೆ ಟಿಕೆಟಿನ ದುಡ್ಡು ಎಣಿಸಿ ವಾಪಸ್ ಕೊಡುತ್ತಾರೆ, ಜೀಪಿನವನು ಕೊಡುವುದಿಲ್ಲ.