ಸವಾರ ಬಂದ, ಕುದುರೆ ಬರಲಿಲ್ಲ

ಪುಟ್ಟ ಸೈನ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ವಾರ್‌ಗೇಮ್ ಬಗ್ಗೆ ಬರೆದಿದ್ದೆ. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಜೋಡಿಸಿ, ದಾಳ ಉರುಳಿಸಿ, ಟೇಪ್ ಹಿಡಿದು ಅಳೆದು ಆಡುವ ಯುದ್ಧದಾಟ. ಬಣ್ಣ ಹಚ್ಚುವುದು ಹೇಗೆ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ಬಂದ ಪತ್ರಗಳೆಲ್ಲ ಪಾರ್ಸೆಲ್ ಬಗ್ಗೆ! ಶಿವಮೊಗ್ಗದಲ್ಲಿ ಅಂಚೆ ಕೌಂಟರ್ ಹಿಂದೆ ಕೂತೇ ತಲೆಕೂದಲು ಬೆಳ್ಳಗಾದವಳು ನಾನು. ಹಾಗಾಗಿ ಖುಷಿಯೇ ಆಯಿತು.

*ಮೇಡಂ, ಇಂಗ್ಲೆಂಡಿನ ಒಂದು ಸಣ್ಣ ಕಂಪನಿಯಿಂದ 28 ಎಂಎಂ ಅಳತೆಯ (ನಿಂತ ಸೈನಿಕನ ಎತ್ತರ ಸುಮಾರು ಅಷ್ಟು) ಲೋಹದ ಕುದುರೆ ಸವಾರರನ್ನು ತರಿಸಿದೆ. ಸವಾರರೆಲ್ಲ ಬಂದಿದ್ದಾರೆ, ಕುದುರೆ ಒಂದು ಕಡಿಮೆ. ಒಬ್ಬನ ಈಟಿಯೂ ಸೊಟ್ಟಗಾಗಿದೆ. ಎರಡು ಸಲ ಮೇಲ್ ಹಾಕಿದೆ. ಹತ್ತು ದಿನವಾದರೂ ಉತ್ತರವಿಲ್ಲ. ಮೋಸಗಾರರು ಅಂತ ಎಲ್ಲ ಕಡೆ ಬರೆದುಬಿಡಲಾ?*
ಓದುಗರು, ತೀರ್ಥಹಳ್ಳಿ

ಸ್ವಲ್ಪ ತಡೆಯಿರಿ. ಆ ಕಡೆ ಯಾರಿದ್ದಾರೆ ಅಂತ ಮೊದಲು ನೋಡೋಣ.

ಈ ಸಣ್ಣ ಕಂಪನಿಗಳಲ್ಲಿ ಹೆಚ್ಚಿನವು ಒಬ್ಬರೋ ಇಬ್ಬರೋ ನಡೆಸುವಂಥವು. ಮನೆ ಹಿಂದಿನ ಶೆಡ್‌ನಲ್ಲಿ ಎರಕ, ಊಟದ ಮೇಜಿನ ಮೇಲೆ ಪ್ಯಾಕಿಂಗ್. ಕಸ್ಟಮರ್ ಕೇರ್ ಅಂತ ಬೇರೆ ಜನ ಇರುವುದಿಲ್ಲ. ನಿಮ್ಮ ಮೇಲ್ ಓದುವವರು, ಕುದುರೆ ಎರಕ ಹೊಯ್ಯುವವರು, ಅಂಚೆಗೆ ಹಾಕಿ ಬರುವವರು ಎಲ್ಲ ಒಬ್ಬರೇ. ನಾಟಿಂಗ್‌ಹ್ಯಾಮ್ ಸುತ್ತಮುತ್ತ ಇಂಥ ತಯಾರಕರು, ದೊಡ್ಡವರು ಸಣ್ಣವರು ಸೇರಿ, ಎಷ್ಟು ಜನ ಅಂದರೆ ಆಟಗಾರರು ಆ ಭಾಗವನ್ನೇ ತಮಾಷೆಗೆ 'ಲೆಡ್ ಬೆಲ್ಟ್', ಅಂದರೆ ಸೀಸದ ಸೀಮೆ, ಅಂತ ಕರೆಯುತ್ತಾರೆ. ಶನಿವಾರ ಭಾನುವಾರ ಬಂದರೆ ಇವರಲ್ಲಿ ತುಂಬ ಜನ ಮಾಲು ತುಂಬಿಕೊಂಡು ಮೇಳಗಳಿಗೆ ಹೊರಡುತ್ತಾರೆ. ಲಂಡನ್ನಿನಲ್ಲಿ ಏಪ್ರಿಲ್ ಹೊತ್ತಿಗೆ 'ಸಲ್ಯೂಟ್' ಅನ್ನುವ ದೊಡ್ಡ ಮೇಳ ನಡೆಯುತ್ತದೆ. ಅದರ ಆಸುಪಾಸಿನಲ್ಲಿ ಮೇಲ್‌ಗೆ ಉತ್ತರ ಸಿಕ್ಕರೆ ಪುಣ್ಯ. ಅಡಿಕೆ ಕೊಯ್ಲಿನ ಟೈಮಲ್ಲಿ ನಿಮ್ಮ ತೀರ್ಥಹಳ್ಳಿ ಕಡೆಯವರಿಗೆ ಫೋನ್ ಮಾಡಿದರೆ ಎತ್ತುತ್ತಾರಾ? ಹಾಗೇ ಇದೂ.

ಇನ್ನೊಂದು ವಿಷಯ. ಲೋಹದ ಸೈನಿಕರನ್ನು ಒಂದೊಂದಾಗಿ ಮಾಡುವುದಿಲ್ಲ. ಎರಡು ದಪ್ಪ ರಬ್ಬರ್ ಬಿಲ್ಲೆಗಳ ನಡುವೆ ಅಚ್ಚು ಮೂಡಿರುತ್ತದೆ. ಬಿಲ್ಲೆಗಳನ್ನು ಒತ್ತಿ ಹಿಡಿದು ಯಂತ್ರ ಗಿರಗಿರನೆ ತಿರುಗಿಸುತ್ತದೆ. ನಡುವಿನ ತೂತಿಗೆ ಕರಗಿದ ಲೋಹ ಹೊಯ್ಯುತ್ತಾರೆ. ತಿರುಗುವ ರಭಸಕ್ಕೆ ಅದು ಅಂಚಿನ ಕಡೆ ನುಗ್ಗಿ ಕುದುರೆಯ ಕಿವಿ, ಬಾಲದ ತುದಿ ಎಲ್ಲ ತುಂಬುತ್ತದೆ. ಈಗಿನ ಒಳ್ಳೆಯ ಮಿಶ್ರಲೋಹದಲ್ಲಿ ತವರವೇ ಜಾಸ್ತಿ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ, ಅದಕ್ಕೇ ರಬ್ಬರ್ ತಡೆದುಕೊಳ್ಳುತ್ತದೆ. ಹಲವರು ಜಾಸ್ತಿ ಸ್ಟಾಕ್ ಇಡುವುದಿಲ್ಲ, ಆರ್ಡರ್ ಬಂದಂತೆ ಹೊಯ್ಯುತ್ತಾರೆ. ನಿಮ್ಮದೊಂದು ಕುದುರೆಗಾಗಿ ಆ ಅಚ್ಚನ್ನು ಹುಡುಕಿ ತೆಗೆದು, ಲೋಹ ಕಾಯಿಸಿ, ಯಂತ್ರಕ್ಕೇರಿಸಬೇಕು. ಸಾಮಾನ್ಯವಾಗಿ ಆ ಅಚ್ಚಿನ ಸರದಿ ಬರುವವರೆಗೆ ಕಾಯುತ್ತಾರೆ.

ಹಾಗಂತ ಅವರು ಬಾಯಿ ಮುಚ್ಚಿಕೊಂಡು ಕೂರುವುದು ಸರಿಯಲ್ಲ. "ನಿಮ್ಮ ಮೇಲ್ ಸಿಕ್ಕಿತು, ಮುಂದಿನ ವಾರ ಕಳಿಸುತ್ತೇನೆ" ಅಂತ ಬರೆಯಲು ಯಾವ ಅಚ್ಚೂ ಬೇಕಿಲ್ಲ. ನಾನು ಸಣ್ಣ ತಯಾರಕರನ್ನು ಅಳೆಯುವುದು ಆ ಒಂದು ಸಾಲಿನಿಂದ. ಪಾರ್ಸೆಲ್ ಎಷ್ಟು ಬೇಗ ಬಂತು ಅನ್ನುವುದರಿಂದಲ್ಲ.

ಈಗ ನಿಮ್ಮ ಮೇಲ್ ವಿಷಯ. ಪತ್ರದ ಜೊತೆ ಪ್ರತಿ ಇಟ್ಟಿದ್ದೀರಿ, ಓದಿದೆ. ಮೊದಲ ಎಂಟು ಸಾಲು ಸಿಟ್ಟು, ಒಂಬತ್ತನೇ ಸಾಲಿನಲ್ಲಿ ಕುದುರೆ. ಆರ್ಡರ್ ನಂಬರ್ ಎಲ್ಲೂ ಇಲ್ಲ! ಶೆಡ್‌ನಿಂದ ಕೈ ಒರೆಸಿಕೊಂಡು ಬಂದವರು ಇದನ್ನು ಓದಿ ಏನು ಮಾಡಬೇಕು? ಆರ್ಡರ್ ಮಾಡಿದಾಗ ಅವರಿಂದ ಬಂದ ಮೇಲ್‌ಗೇ ರಿಪ್ಲೈ ಮಾಡಿ. ಆಗ ನಿಮ್ಮ ವಿಳಾಸ, ತರಿಸಿದ ಸಾಮಾನಿನ ಪಟ್ಟಿ ಎಲ್ಲ ಕೆಳಗೇ ಇರುತ್ತದೆ. ಬಂದದ್ದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದು ಫೋಟೋ ತೆಗೆಯಿರಿ. ಪೊಟ್ಟಣದ ಮೇಲಿನ ಚೀಟಿಯದ್ದು ಇನ್ನೊಂದು ಫೋಟೋ, ಯಾಕೆಂದರೆ ಅಚ್ಚು ಹುಡುಕುವುದು ಆ ಚೀಟಿಯಲ್ಲಿರುವ ಕೋಡ್ ನೋಡಿ. ಆಮೇಲೆ ಎರಡೇ ಮಾತು: ಒಂದು ಕುದುರೆ ಬಂದಿಲ್ಲ, ದಯವಿಟ್ಟು ಕಳಿಸಿ. ಮೇಲ್, ಫೇಸ್‌ಬುಕ್, ವಾಟ್ಸಾಪ್ ಮೂರರಲ್ಲೂ ಬೆನ್ನು ಹತ್ತಬೇಡಿ. ಸ್ಪಾಮ್ ಫೋಲ್ಡರ್ ಒಮ್ಮೆ ನೋಡಿ. ಎಷ್ಟೋ ಉತ್ತರಗಳು ಅಲ್ಲೇ ಕೊಳೆಯುತ್ತಿರುತ್ತವೆ.

ಸಾಮಾನ್ಯವಾಗಿ ಕುದುರೆ ಪುಕ್ಕಟೆ ಬರುತ್ತದೆ. ತಪ್ಪಿ ಬೇರೆ ಬೊಂಬೆ ಬಂದಿದ್ದರೂ ಹೆಚ್ಚಿನವರು ವಾಪಸ್ ಕೇಳುವುದಿಲ್ಲ. ಒಂದು ಕುದುರೆಯ ಲೋಹಕ್ಕಿಂತ ಅಂಚೆ ಖರ್ಚೇ ಜಾಸ್ತಿ. ಕೆಲವರು ಬೇಜಾರು ಕಳೆಯಲಿ ಅಂತ ಒಬ್ಬ ಸೈನಿಕನನ್ನು ಹೆಚ್ಚಿಗೆ ಹಾಕಿ ಕಳಿಸುವುದೂ ಉಂಟು. ಅದನ್ನೇ ಅಭ್ಯಾಸ ಮಾಡಿಕೊಂಡು ಪ್ರತಿ ಸಲ "ಒಂದು ಕಡಿಮೆ ಇತ್ತು" ಅನ್ನುವ ಗಿರಾಕಿಗಳೂ ಇದ್ದಾರೆ. ಸಣ್ಣ ಊರಲ್ಲಿ ಹೇಗೋ, ಈ ಸಣ್ಣ ವ್ಯಾಪಾರದಲ್ಲೂ ಹೆಸರುಗಳು ನೆನಪಿರುತ್ತವೆ.

ಆದರೆ ಒಂದು ಕೆಲಸ ಮಾತ್ರ ಮಾಡಬೇಡಿ. "ಗಿಫ್ಟ್ ಅಂತ ಬರೆದು ಕಳಿಸಿ" ಅಂತ ಕೇಳಬೇಡಿ. ವಿದೇಶದಿಂದ ಬರುವ ಉಡುಗೊರೆಗೆ ಇದ್ದ ಸುಂಕ ವಿನಾಯಿತಿಯನ್ನು, ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು, 2019ರ ಡಿಸೆಂಬರ್‌ನಲ್ಲೇ ತೆಗೆದರು. ಲಾಭವೂ ಇಲ್ಲ, ಸುಳ್ಳು ಬರೆದ ಪಾಪ ಕಳಿಸಿದವರ ತಲೆಗೆ. ಪೊಟ್ಟಣದ ಮೇಲೆ ಅಂಟಿಸುವ ಸಿಎನ್ 22 ಅನ್ನುವ ಕಸ್ಟಮ್ಸ್ ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ, ಬದಲಿ ಭಾಗ ಅಂತ, ನಿಜವಾದ ಬೆಲೆ ಹಾಕಿ ಬರೆಯಲಿ. ಬೊಂಬೆಯನ್ನು ಆಟಿಕೆ ಅಂತ ಲೆಕ್ಕ ಹಾಕಿದರೆ ಸುಂಕ ಕಚ್ಚುತ್ತದೆ. ಆಟಿಕೆ ಸುಂಕ 2020ರ ಬಜೆಟ್‌ನಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತ್ತು. ಹಾಗಾಗಿ ಆರ್ಡರ್ ಮಾಡುವ ಮೊದಲೇ ಆಗಿನ ದರ ನೋಡಿಕೊಳ್ಳಿ. ಇನ್ನೊಂದು ಲಾಭದ ಮಾತು: ಬ್ರಿಟನ್ನಿನ ಅಂಗಡಿಗಳು ತೋರಿಸುವ ಬೆಲೆಯಲ್ಲಿ ಅವರ ಶೇಕಡಾ 20ರ ವ್ಯಾಟ್ ಸೇರಿರಬಹುದು. ಹೊರದೇಶಕ್ಕೆ ಕಳಿಸುವ ಮಾಲಿಗೆ ಅದು ಬೀಳುವುದಿಲ್ಲ. ಕಳೆದು ಕೊಡುತ್ತೀರಾ ಅಂತ ಮೊದಲೇ ಕೇಳಿ. ವ್ಯಾಟ್ ನೋಂದಣಿಯೇ ಇಲ್ಲದಷ್ಟು ಸಣ್ಣವರಾದರೆ ಕಳೆಯಲು ಏನೂ ಇರುವುದಿಲ್ಲ, ಅದಕ್ಕೆ ಜಗಳ ಬೇಡ.

ಹೊಸ ಮೇಲ್‌ಗೂ ಎರಡು ವಾರ ಉತ್ತರ ಬರದಿದ್ದರೆ? ಆಗ ದುಡ್ಡಿನ ದಾರಿ ಹಿಡಿಯಿರಿ. ಪೇಪಾಲ್‌ನಲ್ಲಿ ಕಟ್ಟಿದ್ದರೆ ಕಟ್ಟಿದ ದಿನದಿಂದ 180 ದಿನದೊಳಗೆ ತಕರಾರು ಹಾಕಬಹುದು. ಕಾರ್ಡ್ ಆದರೆ ಬ್ಯಾಂಕಿನಲ್ಲಿ ಕೇಳಿ, ಅಲ್ಲೂ ಗಡುವು ಇರುತ್ತದೆ. ಅದೂ ಆದ ಮೇಲೆ ಬೇಕಿದ್ದರೆ ಬರೆಯಿರಿ. ನಡೆದದ್ದಷ್ಟನ್ನೇ ಬರೆಯಿರಿ.

ಈಟಿಗೆ ದೂರು ಬೇಡ. ಮೆತ್ತನೆ ಲೋಹ, ದಾರಿಯಲ್ಲಿ ಬಗ್ಗೇ ಬಗ್ಗುತ್ತದೆ. ಬೆರಳಲ್ಲಿ ನಿಧಾನ ನೇರ ಮಾಡಿ. ಆಚೆ ಈಚೆ ಬಗ್ಗಿಸುತ್ತಾ ಕೂತರೆ ಮುರಿಯುತ್ತದೆ. ಮುರಿದರೂ ಚಿಂತೆಯಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ತೆಳು ಹಿತ್ತಾಳೆ ತಂತಿ ತನ್ನಿ. ತುದಿಯನ್ನು ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಅರದಿಂದ ಮೊನೆ ಮಾಡಿ. ಸವಾರನ ಮುಷ್ಟಿಯಲ್ಲಿ ತೂತು ಕೊರೆದು ಸೂಪರ್‌ಗ್ಲೂ ಹಾಕಿ ಸಿಕ್ಕಿಸಿ. ಕಂಪನಿಯ ಈಟಿಗಿಂತ ಚೆನ್ನಾಗಿರುತ್ತದೆ.

*ನಾವು ಸಾಗರದವರು. ಮನೆಯಲ್ಲಿ ತಲೆತಲಾಂತರದಿಂದ ಗಂಧದ ಕೆತ್ತನೆ. ನಾನು ರೆಸಿನ್ ಪ್ರಿಂಟರ್ (ದ್ರವ ಪ್ಲಾಸ್ಟಿಕ್ಕನ್ನು ಬೆಳಕಿನಿಂದ ಗಟ್ಟಿ ಮಾಡಿ ಬೊಂಬೆ ಮೂಡಿಸುವ ಯಂತ್ರ) ತಗೊಂಡು ಮಿನಿಯೇಚರ್, ಅಂದರೆ ಪುಟ್ಟ ಸೈನಿಕರನ್ನು, ಮಾಡಿ ಮಾರುತ್ತಿದ್ದೇನೆ. ಬೆಂಗಳೂರಿನ ಒಬ್ಬರಿಗೆ ಹೋದ ಪೊಟ್ಟಣದಲ್ಲಿ ಮೂರು ಕತ್ತಿ ಮುರಿದಿದೆಯಂತೆ. ಪೂರ್ತಿ ದುಡ್ಡು ವಾಪಸ್ ಕೇಳುತ್ತಿದ್ದಾರೆ. ಕೊರಿಯರ್‌ನವರ ತಪ್ಪಿಗೆ ನಾನ್ಯಾಕೆ ಕೊಡಲಿ ಅಕ್ಕಾ?*
ಓದುಗರು, ಸಾಗರ

ಅವರು ದುಡ್ಡು ಕೊಟ್ಟದ್ದು ನಿಮಗೆ ತಮ್ಮಾ, ಕೊರಿಯರ್‌ಗಲ್ಲ. ಇವತ್ತೇ ಉತ್ತರ ಬರೆಯಿರಿ. ಬೇಜಾರಾಯಿತು ಅಂತ ಹೇಳಿ, ಎರಡು ದಾರಿ ಕೊಡಿ: ಮುರಿದ ಮೂವರನ್ನು ಹೊಸದಾಗಿ ಕಳಿಸುವುದು, ಇಲ್ಲವೇ ಆ ಮೂವರ ದುಡ್ಡು ವಾಪಸ್. ನೂರಕ್ಕೆ ತೊಂಬತ್ತು ಜನ ಮೊದಲನೆಯದನ್ನು ಒಪ್ಪುತ್ತಾರೆ, ಅವರಿಗೂ ಬೇಕಾಗಿರುವುದು ಸೈನಿಕರೇ ಅಲ್ವಾ. ಕಾನೂನೂ ಗೊತ್ತಿರಲಿ. ಆನ್‌ಲೈನ್ ವ್ಯಾಪಾರಕ್ಕೆ 2020ರಲ್ಲಿ ಬಂದ ಗ್ರಾಹಕ ನಿಯಮಗಳ ಪ್ರಕಾರ ದೂರು ಸಿಕ್ಕಿತು ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಗಿರಾಕಿ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಗೆ ದೂರು ಕೊಡುವ ತನಕ ಎಳೆಯಬೇಡಿ.

ಪ್ಯಾಕಿಂಗ್ ಫೋಟೋ ನೋಡಿದೆ. ಹತ್ತಿ ಸುತ್ತಿದ್ದೀರಿ. ಕತ್ತಿ ಮುರಿದದ್ದು ಹತ್ತಿ ಬಿಚ್ಚುವಾಗಲೇ ಇರಬೇಕು! ಎಳೆಗಳು ತೆಳು ಭಾಗಕ್ಕೆ ಸಿಕ್ಕಿಕೊಳ್ಳುತ್ತವೆ, ಎಳೆದರೆ ಟಕ್ ಅನ್ನುತ್ತದೆ. ಮೆತ್ತನೆ ಸ್ಪಂಜಿನ ಎರಡು ಹಾಳೆಗಳ ನಡುವೆ ಮಲಗಿಸಿ, ಸಣ್ಣ ಗಟ್ಟಿ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಇನ್ನೊಂದು ಡಬ್ಬಿಯೊಳಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಡಬ್ಬಿಗೆ ಪ್ಲಾಸ್ಟಿಕ್ ಕವರ್ ಇರಲೇಬೇಕು. ನಮ್ಮ ಮಳೆಗೆ ರಟ್ಟು ಅನ್ನುವುದು ಲೆಕ್ಕಕ್ಕೇ ಇಲ್ಲ. ಪ್ರತಿ ಆರ್ಡರ್‌ಗೂ ನಾಲ್ಕು ಕತ್ತಿ ಹೆಚ್ಚಿಗೆ ಪ್ರಿಂಟ್ ಮಾಡಿ ಹಾಕಿಬಿಡಿ. ರೆಸಿನ್ ಖರ್ಚು ಲೆಕ್ಕಕ್ಕೆ ಬಾರದಷ್ಟು, ತಪ್ಪುವ ತಲೆನೋವು ದೊಡ್ಡದು.

ಪ್ರಿಂಟ್ ಆದದ್ದನ್ನು ಚೆನ್ನಾಗಿ ತೊಳೆದು ಯುವಿ ದೀಪದಲ್ಲಿ ಪೂರ್ತಿ ಗಟ್ಟಿ ಮಾಡಿಯೇ ಕಳಿಸಿ. ಅಂಟಂಟಾಗಿ ವಾಸನೆ ಬರುವ ಬೊಂಬೆ ಕಳಿಸಿದರೆ ಚರ್ಮಕ್ಕೆ ತುರಿಕೆ ಬರುತ್ತದೆ, ಆ ದೂರಿಗೆ ಕತ್ತಿಯಷ್ಟು ಸುಲಭದ ಪರಿಹಾರವಿಲ್ಲ. ಚಿಕ್ಕ ಮಕ್ಕಳ ಆಟಿಕೆ ಅಂತ ಮಾರಬೇಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಬೇರೆಯವರು ವಿನ್ಯಾಸ ಮಾಡಿದ ಫೈಲ್ ಆಗಿದ್ದರೆ ಪ್ರಿಂಟ್ ಮಾಡಿ ಮಾರುವ ಲೈಸೆನ್ಸ್ ಬೇರೆಯೇ ತಗೊಳ್ಳಬೇಕು. ಸುಮ್ನೆ ಫೈಲ್ ಕೊಂಡರೆ ಮಾರುವ ಹಕ್ಕು ಬರುವುದಿಲ್ಲ. ಕೆತ್ತನೆ ಮನೆಯವರು ನೀವು, ಸ್ವಂತದ್ದೇ ಮಾಡಬಹುದಲ್ಲ.

*ಮಗ ಕಿಕ್‌ಸ್ಟಾರ್ಟರ್ ಅನ್ನುವುದರಲ್ಲಿ ಬೊಂಬೆಗಳಿಗೆ ದುಡ್ಡು ಕಟ್ಟಿದ್ದಾನೆ. ಹೇಳಿದ ದಿನ ದಾಟಿ ಒಂದು ವರ್ಷ. ವಾಪಸ್ ಬರುತ್ತಾ?*
ಗೃಹಿಣಿ, ಹೊಸನಗರ

ಅದು ಅಂಗಡಿ ಅಲ್ಲಮ್ಮ. ಮಾಡುತ್ತೇವೆ ಅಂದವರಿಗೆ ಮೊದಲೇ ಕೊಡುವ ಬಂಡವಾಳ. ಕಿಕ್‌ಸ್ಟಾರ್ಟರ್‌ನವರೇ ತಮ್ಮದು ಅಂಗಡಿಯಲ್ಲ ಅಂತ ಹೇಳಿಕೊಂಡಿದ್ದಾರೆ. ತಯಾರಕರು ಆಗಾಗ ಸುದ್ದಿ ಹಾಕುತ್ತಿದ್ದಾರಾ, ಅಚ್ಚಿನ ಫೋಟೋ, ಮೊದಲ ಎರಕದ ಫೋಟೋ ಇದೆಯಾ ನೋಡಲು ಹೇಳಿ. ಇದ್ದರೆ ಕಾಯಲಿ. ಮೂರ್ನಾಲ್ಕು ತಿಂಗಳಿಂದ ಮಾತೇ ಇಲ್ಲ ಅಂದರೆ ಆ ದುಡ್ಡಿನ ಆಸೆ ಬಿಡಿ. ಮುಂದಿನ ಸಲ, ಹಿಂದೆ ಒಮ್ಮೆಯಾದರೂ ಹೇಳಿದ್ದನ್ನು ಕಳಿಸಿದವರಿಗೇ ಕಟ್ಟಲಿ. ಮಗನಿಗೆ ಬೈಯಬೇಡಿ.

*ರೆಸಿನ್ ಬಂದೂಕು ಬಾಗಿ ಬಂದಿದೆ. ಬದಲಾಯಿಸಿ ಕೊಡಿ ಅಂತ ಕೇಳಬಹುದಾ?*
ಓದುಗರು, ವಿನೋಬನಗರ, ಶಿವಮೊಗ್ಗ

ಕೇಳುವ ಮೊದಲು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ ಹಿಡಿದು, ತಣ್ಣೀರಿಗೆ ಹಾಕಿ. ನಿಲ್ಲುತ್ತದೆ. ಗುಳ್ಳೆ ಬಿದ್ದು ಮುಖವೇ ಇಲ್ಲದಿದ್ದರೆ ಕೇಳಿ, ಧಾರಾಳವಾಗಿ.

*ಕೆಳದಿ ಚೆನ್ನಮ್ಮನ ಸೈನ್ಯ ಕಟ್ಟಬೇಕು ಅಂತ ಆಸೆ. ದೊಡ್ಡ ಕಂಪನಿಗೆ ಬರೆದರೆ ಉತ್ತರವೇ ಇಲ್ಲ.*
ಇತಿಹಾಸ ಮೇಷ್ಟ್ರು, ಸೊರಬ

ಇದು ಸಣ್ಣವರಿಗೇ ಕೇಳಬೇಕಾದ ಪ್ರಶ್ನೆ ಮೇಷ್ಟ್ರೇ. 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡವಳು ಚೆನ್ನಮ್ಮ. ಎದುರಾಳಿಗಳು ಸುಲಭ, ಆ ಕಾಲದ ಮೊಘಲರನ್ನು ಸಣ್ಣ ತಯಾರಕರು 15 ಎಂಎಂನಲ್ಲೂ 28ರಲ್ಲೂ ಮಾಡುತ್ತಾರೆ. ನಮ್ಮವರಿಗೆ ಮೈ ಒಂದು ಕಡೆ, ತಲೆ ಒಂದು ಕಡೆ ಕೊಳ್ಳಬೇಕು. "ಈ ಪೊಟ್ಟಣದ ಕಾಲಾಳು, ಆ ಪೊಟ್ಟಣದ ರುಮಾಲಿನ ತಲೆ, ಬಂದೂಕು ಬೇಡ" ಅಂದರೆ ಬೇರೆ ಬೇರೆ ತೆಗೆದು ಕೊಡುವವರು ಇದ್ದಾರೆ. ಒಂದೇ ಎಚ್ಚರ: ಒಬ್ಬರ 28 ಇನ್ನೊಬ್ಬರ 28ಕ್ಕೆ ಸಮ ಇರುವುದಿಲ್ಲ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸಿ ಅನ್ನಿ, ಬೇಜಾರಿಲ್ಲದೆ ಕಳಿಸುತ್ತಾರೆ.

ಚೆನ್ನಮ್ಮನನ್ನೇ ಹೊಸದಾಗಿ ಮಾಡಿಸುವುದಾದರೆ ಶಿಲ್ಪಿಯ ಕೂಲಿ, ಅಚ್ಚಿನ ಖರ್ಚು ಎರಡೂ ನಿಮ್ಮದು. ನಾಲ್ಕು ಜನ ಸೇರಿ ಹಾಕಿ. ಮಾದರಿಗೆ ಕೆಳದಿಯ ಮ್ಯೂಸಿಯಂ ನೋಡಿ ಬನ್ನಿ. ವೀರಗಲ್ಲುಗಳ ಫೋಟೋ ಕಳಿಸುವುದಾದರೆ ಕಾಲ ನೋಡಿಕೊಳ್ಳಿ, ಹೆಚ್ಚಿನವು ಕೆಳದಿಗಿಂತ ಹಳೆಯವು. ಅದೂ ಅಲ್ಲದೆ ಉಬ್ಬುಶಿಲ್ಪಕ್ಕೆ ಬೆನ್ನಿರುವುದಿಲ್ಲ. ಗುರಾಣಿಯ ಪಟ್ಟಿ ಹಿಂದೆ ಹೇಗೆ ಹೋಗುತ್ತದೆ, ಸೀರೆಯ ಕಚ್ಚೆ ಎಲ್ಲಿ ಸಿಕ್ಕಿಸಿದೆ ಅಂತ ಶಿಲ್ಪಿ ಕೇಳಿಯೇ ಕೇಳುತ್ತಾರೆ. ಅದಕ್ಕೊಂದು ಪೆನ್ಸಿಲ್ ಚಿತ್ರ ಮೊದಲೇ ಬರೆದಿಟ್ಟುಕೊಳ್ಳಿ.