ಜಾಲಿ ಮುಳ್ಳು ಒಳಗೇ ಇದ್ದರೆ ಊತ ಇಳಿಯುತ್ತಾ?

ಪ್ರಶ್ನೆ: ನನಗೆ 54 ವರ್ಷ. ಕೋಲಾರದ ಟೊಮೆಟೊ ಮಂಡಿಯಲ್ಲಿ ಕೆಲಸ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಮೊನ್ನೆ ರಕ್ತ ಪರೀಕ್ಷೆಯಲ್ಲಿ ಎಲ್‌ಡಿಎಲ್ 92, ಎಚ್‌ಎಸ್-ಸಿಆರ್‌ಪಿ 4.2 ಬಂದಿದೆ. ಮಗ ಒಂದು ವಿಡಿಯೊ ತೋರಿಸಿದ. ಹೃದಯದ ಕಾಯಿಲೆಗೆ ಕೊಲೆಸ್ಟ್ರಾಲ್ ಕಾರಣವೇ ಅಲ್ಲ, ಉರಿಯೂತ ಕಾರಣ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಟ್ಟು ಅರಿಶಿನದ ಕಷಾಯ ಕುಡಿಯಿರಿ ಅಂತ ಅದರಲ್ಲಿತ್ತು. ಹದಿನೈದು ದಿನದಿಂದ ಸ್ಟ್ಯಾಟಿನ್ ಬಿಟ್ಟಿದ್ದೇನೆ. ಬೀಡಿ ಈಗ ದಿನಕ್ಕೆ ನಾಲ್ಕೇ. ಹೀಗೆ ಮಾಡಿದ್ದು ಸರಿನಾ ಡಾಕ್ಟ್ರೇ?

ಉತ್ತರ: ಸರಿಯಲ್ಲ. ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ಸ್ಟ್ಯಾಟಿನ್ ಇವತ್ತೇ ಮತ್ತೆ ಶುರು ಮಾಡಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆಗಳನ್ನೂ ಬಿಟ್ಟಿದ್ದರೆ ಈಗಲೇ ಹೇಳಿ, ನಾಳೆಗೆ ಇಡಬೇಡಿ. ಅವನ್ನು ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಗಡ್ಡೆ ಕಟ್ಟಬಹುದು.

ಆ ವಿಡಿಯೊದಲ್ಲಿ ಅರ್ಧ ನಿಜ ಇದೆ. ಅದಕ್ಕೇ ಜನ ನಂಬುತ್ತಾರೆ. ಉರಿಯೂತ ಅನ್ನುವ ಮಾತಲ್ಲೇ ಉರಿ ಇದೆ, ಊತ ಇದೆ. ಹೊಲದಲ್ಲಿ ಜಾಲಿ ಮುಳ್ಳು ಚುಚ್ಚಿ ಮುರಿದರೆ ಕಾಲು ಕೆಂಪಾಗಿ ಊದಿಕೊಳ್ಳುತ್ತೆ, ಅಲ್ವಾ? ಒಳಗೆ ಬಂದದ್ದನ್ನು ಓಡಿಸಲು ಮೈ ಹೂಡುವ ಹೋರಾಟ ಅದು. ಹೃದಯದ ರಕ್ತನಾಳದಲ್ಲೂ ಹೀಗೇ ನಡೆಯುತ್ತೆ. ಅಲ್ಲಿ ಮುಳ್ಳು ಅಂದರೆ ಎಲ್‌ಡಿಎಲ್ ಕೊಲೆಸ್ಟ್ರಾಲ್. ಅದು ನಾಳದ ಗೋಡೆಯೊಳಗೆ ನುಸುಳಿ ಕೆಡುತ್ತೆ. ಬಿಳಿ ರಕ್ತಕಣಗಳು ಬಂದು ಅದನ್ನು ನುಂಗುತ್ತವೆ, ನುಂಗಿ ನುಂಗಿ ಜಿಡ್ಡು ತುಂಬಿ ಅಲ್ಲೇ ಸಾಯುತ್ತವೆ. ಹೀಗೆ ಬೆಳೆದ ಗಂಟಿಗೆ ಮೇಲೊಂದು ತೆಳು ಪೊರೆ ಇರುತ್ತೆ. ಉರಿಯೂತ ಜಾಸ್ತಿ ಇದ್ದರೆ ಆ ಪೊರೆ ಸವೆದು ಒಡೆಯುತ್ತೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತೆ. ಬಹಳಷ್ಟು ಹಾರ್ಟ್ ಅಟ್ಯಾಕ್ ಆಗುವುದು ಹೀಗೆ. ಹಾಗಾಗಿಯೇ ಸಣ್ಣ ಬ್ಲಾಕ್ ಇದ್ದವರಿಗೂ ಕೆಲವೊಮ್ಮೆ ದಿಢೀರ್ ಅಟ್ಯಾಕ್ ಬರುತ್ತೆ.

ಈಗ ನೀವೇ ಹೇಳಿ, ಮುಳ್ಳನ್ನು ಒಳಗೇ ಬಿಟ್ಟು ಊತಕ್ಕೆ ಮಾತ್ರ ಔಷಧಿ ಹಚ್ಚಿದರೆ ಆಗುತ್ತಾ? ಸ್ಟ್ಯಾಟಿನ್ ಎಲ್‌ಡಿಎಲ್ ಇಳಿಸುತ್ತೆ, ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತೆ. ವಿಡಿಯೊದವರು ಬಿಡಿ ಎಂದದ್ದು ಎರಡೂ ಕೆಲಸ ಮಾಡುವ ಮಾತ್ರೆಯನ್ನೇ. ಅದನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತೆ. ಒಮ್ಮೆ ಅಟ್ಯಾಕ್ ಆದವರಿಗೆ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು. ನಿಮ್ಮದು 92. ಮಾತ್ರೆ ಬಿಟ್ಟ ಮೇಲೆ ಮಾಡಿಸಿದ ಪರೀಕ್ಷೆಯಾದರೆ ಏರಿರುವುದು ಅದರಿಂದಲೂ ಇರಬಹುದು. ಮಾತ್ರೆ ಶುರು ಮಾಡಿ ಒಂದೂವರೆ, ಎರಡು ತಿಂಗಳಿಗೆ ಮತ್ತೆ ನೋಡಿಸಿ. ಆಗಲೂ ಇಳಿಯದಿದ್ದರೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ.

ಸಿಆರ್‌ಪಿ 4.2 ಬಗ್ಗೆ. ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ ಇದು. 1ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಜಾಸ್ತಿ. ಆದರೆ ನೆಗಡಿ, ಚಿಕೂನ್‌ಗುನ್ಯ, ವಸಡಿನ ಕೀವು, ಏನಿದ್ದರೂ ಇದು ಏರುತ್ತೆ. ಆರೋಗ್ಯವಾಗಿರುವಾಗ ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಆಗಲೂ ಹೆಚ್ಚಿದ್ದರೆ ಮೊದಲು ಕೈ ಹಾಕಬೇಕಾದ್ದು ಬೀಡಿಗೆ. ನಾಲ್ಕೇ ಅನ್ನಬೇಡಿ, ನಾಲ್ಕೂ ನಾಳವನ್ನು ಕೆರಳಿಸುತ್ತವೆ. ಆಮೇಲೆ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ವಸಡು, ನಿದ್ದೆ. ಮಂಡಿ ಕೆಲಸದವರಿಗೆ ನಿದ್ದೆ ಕೆಡುತ್ತೆ ಅಂತ ಗೊತ್ತು. ಹಾಗಾಗಿ ರಾತ್ರಿ ಬೇಗ ಮಲಗಿ.

ಉರಿಯೂತಕ್ಕೇ ಔಷಧಿ ಇದೆಯಾ ಅಂತ ಕೇಳಬಹುದು. 2017ರಲ್ಲಿ ಕ್ಯಾಂಟೋಸ್ ಎಂಬ ಪರೀಕ್ಷೆಯ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಉರಿಯೂತ ತಗ್ಗಿಸುವ ಕ್ಯಾನಕಿನುಮ್ಯಾಬ್ ಎಂಬ ಇಂಜೆಕ್ಷನ್ ಪರೀಕ್ಷಿಸಿದರು. ಕೊಲೆಸ್ಟ್ರಾಲ್ ಇಳಿಯಲಿಲ್ಲ, ಆದರೂ ಅಪಾಯ ಶೇಕಡಾ 15ರಷ್ಟು ತಗ್ಗಿತು. ಉರಿಯೂತದ ಪಾತ್ರ ಆಗ ಖಚಿತವಾಯಿತು. ಆದರೆ ಸೋಂಕಿನಿಂದ ಸಾಯುವವರು ಹೆಚ್ಚಾದರು, ಬೆಲೆಯೂ ವಿಪರೀತ. ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಔಷಧಿಯನ್ನೂ ಪರೀಕ್ಷಿಸಿದರು, ಅದರಿಂದ ಲಾಭವಾಗಲಿಲ್ಲ. ಈಗ ಬಳಕೆಗೆ ಬಂದಿರುವುದು ಕಾಲ್ಚಿಸಿನ್, ಗೌಟ್ ಎಂಬ ಕೀಲು ನೋವಿಗೆ ಕೊಡುವ ಹಳೇ ಮಾತ್ರೆ. 2020ರಲ್ಲಿ ಬಂದ ಒಂದು ಪರೀಕ್ಷೆಯಲ್ಲಿ, ಬೇರೆ ಮಾತ್ರೆಗಳ ಜೊತೆಗೆ ದಿನಕ್ಕೆ 0.5 ಮಿ.ಗ್ರಾಂ ಕೊಟ್ಟರು. ಸುಮಾರು ಎರಡೂವರೆ ವರ್ಷದಲ್ಲಿ, ಕಾಲ್ಚಿಸಿನ್ ಇಲ್ಲದ ನೂರು ಜನರಲ್ಲಿ ಹತ್ತಿರ ಹತ್ತು ಮಂದಿಗೆ ಹೃದಯದ ತೊಂದರೆ ಬಂತು, ತೆಗೆದುಕೊಂಡವರಲ್ಲಿ ಏಳು ಮಂದಿಗೆ. 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ 2024ರಲ್ಲಿ ಬಂದ, ಏಳು ಸಾವಿರಕ್ಕೂ ಹೆಚ್ಚು ಜನರಿದ್ದ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಅಟ್ಯಾಕ್ ಆದ ಕೂಡಲೇ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ. ಹಾಗಾಗಿ ನಾನು ಎಲ್ಲರಿಗೂ ಬರೆಯುವುದಿಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಇದು ಅಪಾಯ, ಕೆಲವು ಆ್ಯಂಟಿಬಯಾಟಿಕ್ ಜೊತೆ ಸೇರಿದರೂ ಅಪಾಯ.

ಕಾಲ್ಚಿಸಿನ್ ನಮ್ಮ ಬೇಲಿಗಳಲ್ಲಿ ಮಳೆಗಾಲಕ್ಕೆ ಅರಳುವ ಗೌರಿ ಹೂವಿನ ಗಿಡದಲ್ಲೂ ಇದೆ. ಗಡ್ಡೆ ಅರೆದು ಕುಡಿಯುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಡಿ. ಅದು ವಿಷ, ಪ್ರಾಣ ಹೋಗುತ್ತೆ.

ಸಾರಿಗೆ ಅರಿಶಿನ ಹಾಕಿ, ಬೇಡ ಅನ್ನಲ್ಲ. ಅದರಿಂದ ಹಾರ್ಟ್ ಅಟ್ಯಾಕ್ ತಪ್ಪಿತು ಅಂತ ಯಾವ ದೊಡ್ಡ ಪರೀಕ್ಷೆಯೂ ತೋರಿಸಿಲ್ಲ. ಮುದ್ದೆ, ಬಸ್ಸಾರು, ಸೊಪ್ಪು, ಕಾಳು ನಿಮ್ಮ ಮನೆಯಲ್ಲೇ ಇದೆ. ಮುದ್ದೆಯ ಗಾತ್ರ ಸ್ವಲ್ಪ ಇಳಿಸಿ, ಕಾಳು ಸೊಪ್ಪು ಹೆಚ್ಚಿಸಿ. ಬೋಂಡಾ ಬಜ್ಜಿ ಬಿಡಿ.

ಪ್ರಶ್ನೆ: ನಮ್ಮಮ್ಮನಿಗೆ ಸ್ಟೆಂಟ್ ಇದೆ. ಚಿಕೂನ್‌ಗುನ್ಯ ಆದಮೇಲೆ ಮಂಡಿ ನೋವು. ಮೆಡಿಕಲ್ ಶಾಪಲ್ಲಿ ಡೈಕ್ಲೊಫೆನಾಕ್ ತಂದು ಕೊಡುತ್ತೇವೆ. ಅದು ಉರಿಯೂತ ಇಳಿಸುತ್ತಲ್ಲ, ಹೃದಯಕ್ಕೂ ಒಳ್ಳೆಯದಾ? (ಚಿಂತಾಮಣಿ)

ಉತ್ತರ: ಇಲ್ಲಮ್ಮ, ಉಲ್ಟಾ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಹಾರ್ಟ್ ಅಟ್ಯಾಕ್ ಅಪಾಯವನ್ನು ಹೆಚ್ಚಿಸುತ್ತವೆ. ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ಐಬುಪ್ರೊಫೆನ್ ಆಸ್ಪಿರಿನ್ ಕೆಲಸಕ್ಕೇ ಅಡ್ಡ ಬರುತ್ತೆ. ಸದ್ಯಕ್ಕೆ ಪ್ಯಾರಾಸಿಟಮಾಲ್, ಬಿಸಿ ನೀರಿನ ಶಾಖ. ಮೂರು ತಿಂಗಳಾದರೂ ನೋವು ಹೋಗದಿದ್ದರೆ ಕೀಲು ತಜ್ಞರಿಗೆ ತೋರಿಸಿ. ಮನೆಯಲ್ಲಿ ಉಳಿದಿರುವ ಡೈಕ್ಲೊಫೆನಾಕ್ ಮಾತ್ರೆಗಳನ್ನು ಅಮ್ಮನ ಡಬ್ಬಿಯಿಂದ ಇವತ್ತೇ ತೆಗೆದುಬಿಡಿ.